ತೆರಿಗೆ ಸಲ್ಲಿಕೆಯ ಕಚೇರಿಯೊಂದು ಮತ್ತು ಖಾಲಿ ಉಳಿದ ‘ಬಿ’ ಕಾಲಂ

ಅಮೆರಿಕದ ಡಲ್ಲಾಸ್ ಪಕ್ಕದ ನಮ್ಮ ಬಡಾವಣೆಯಲ್ಲಿ ದಿನಸಿ ಅಂಗಡಿಯ ಮಗ್ಗುಲಿಗೇ ಇರುವ ಸಣ್ಣ ಕಚೇರಿಯೊಂದಕ್ಕೆ 2024ರ ತೆರಿಗೆ ರಿಟರ್ನ್ ಸಲ್ಲಿಸುವ ಕೆಲಸವನ್ನು ಒಪ್ಪಿಸಿದ್ದೆವು. ನಾನು ನೌಕರಿ ಬಿಟ್ಟು ಸ್ವಂತ ಉದ್ಯೋಗ ಹಿಡಿದ ಮೊದಲ ವರ್ಷ ಅದು. ಕಂಪನಿಯ ಆರೋಗ್ಯ ವಿಮೆ ತಪ್ಪಿದ್ದರಿಂದ ನಾನು, ಹೆಂಡತಿ, ಮಗಳು ಮೂವರಿಗೂ ಸರ್ಕಾರದ ಮಾರ್ಕೆಟ್‌ಪ್ಲೇಸ್‌ನಲ್ಲಿ, ಅಂದರೆ ಆರೋಗ್ಯ ವಿಮೆ ಕೊಳ್ಳುವ ತಾಣದಲ್ಲಿ, ಕಡಿಮೆ ಪ್ರೀಮಿಯಂನ ಬ್ರಾಂಜ್ ದರ್ಜೆಯ ಪ್ಲಾನ್ ಕೊಂಡಿದ್ದೆವು. ವರ್ಷದ ಆದಾಯ ಎಷ್ಟಾದೀತೆಂಬ ಅಂದಾಜು ಇಲ್ಲದೆ ಮುಂಗಡ ಸಹಾಯಧನ ಬೇಡವೆಂದು, ತಿಂಗಳಿಗೆ 930 ಡಾಲರ್ ಪ್ರೀಮಿಯಂ ಪೂರ್ತಿಯಾಗಿ ಕೈಯಿಂದಲೇ ಕಟ್ಟಿ, ಪ್ರೀಮಿಯಂನ ಹೊರೆ ಇಳಿಸಲು ಸರ್ಕಾರ ಆದಾಯ ನೋಡಿ ಕೊಡುವ ಪ್ರೀಮಿಯಂ ಟ್ಯಾಕ್ಸ್ ಕ್ರೆಡಿಟ್ ಸಿಗುವುದಾದರೆ ರಿಟರ್ನಿನಲ್ಲೇ ಕೇಳೋಣ ಎಂದುಕೊಂಡಿದ್ದೆವು.

ಮೆಚ್ಚಿಕೊಳ್ಳಬೇಕಾದ್ದನ್ನು ಮೊದಲು ಹೇಳುತ್ತೇನೆ. ಮೈಸೂರಿನ ಬ್ಯಾಂಕಿನಲ್ಲಿ ನನ್ನ ಹೆಸರಿನಲ್ಲಿರುವ ಠೇವಣಿಯ ಬಡ್ಡಿಯನ್ನು ಕಚೇರಿಯವರು ತಾವಾಗಿಯೇ ಕೇಳಿ ಬರೆದುಕೊಂಡರು. ಇಲ್ಲಿ ತೆರಿಗೆ ನಿವಾಸಿಯಾದವನಿಗೆ ಊರಿನ ಬಡ್ಡಿಯೂ ಆದಾಯವೇ, ಮತ್ತು ಕ್ರೆಡಿಟ್ಟಿನ ಲೆಕ್ಕ ನಿಂತಿರುವುದು ಕುಟುಂಬದ ಆದಾಯದ ಮೇಲೆಯೇ. ನಮ್ಮವರಲ್ಲಿ ಅನೇಕರು ಇದನ್ನು ಮರೆಯುತ್ತಾರೆ. ಮರೆತಂತೆ ನಟಿಸುವವರೂ ಇದ್ದಾರೆ.

ಎಡವಿದ್ದು ಆಮೇಲೆ. ಜನವರಿಯಲ್ಲಿ ಮಾರ್ಕೆಟ್‌ಪ್ಲೇಸ್ ಕಳುಹಿಸಿದ ಫಾರಂ 1095-ಎ ನಲ್ಲಿ ತಿಂಗಳಿಗೊಂದು ಸಾಲು, ಸಾಲಿಗೆ ಮೂರು ಕಾಲಂ: ‘ಎ’ಯಲ್ಲಿ ಕಟ್ಟಿದ ಪ್ರೀಮಿಯಂ, ‘ಬಿ’ಯಲ್ಲಿ ನಮ್ಮ ಪ್ರದೇಶದ ಎರಡನೆಯ ಅತಿ ಅಗ್ಗದ ಸಿಲ್ವರ್ (ಬ್ರಾಂಜ್‌ಗಿಂತ ಮೇಲಿನ ದರ್ಜೆ) ಪ್ಲಾನಿನ ದರ, ‘ಸಿ’ಯಲ್ಲಿ ಮುಂಗಡ. ನಾವು ಮುಂಗಡ ಪಡೆಯದಿದ್ದುದರಿಂದ ‘ಸಿ’ ಖಾಲಿಯಿದ್ದುದು ಸರಿಯೇ. ಆದರೆ ‘ಬಿ’ಯೂ ಖಾಲಿಯಿತ್ತು; ಆ ದರದಲ್ಲಿ ನಮ್ಮ ಪಾಲು ಕಳೆದು ಉಳಿದದ್ದೇ ಕ್ರೆಡಿಟ್. ಕಚೇರಿಯ ಹುಡುಗ ಅಲ್ಲಿ ಸೊನ್ನೆ ತುಂಬಿದ, ತಂತ್ರಾಂಶವೂ ಕ್ರೆಡಿಟ್ ಲೆಕ್ಕ ಹಾಕುವ ಫಾರಂ 8962ರಲ್ಲಿ ಕ್ರೆಡಿಟ್ ಸೊನ್ನೆ ಎಂದಿತು. ‘ನೀವು ಸಬ್ಸಿಡಿಯನ್ನೇ ತೆಗೆದುಕೊಂಡಿಲ್ಲವಲ್ಲ ಸರ್, ಕೇಳುವುದಕ್ಕೆ ಏನೂ ಇಲ್ಲ’ ಎಂದು ಅವನು ಸಮಾಧಾನದಿಂದಲೇ ಹೇಳಿದ. ವಾಸ್ತವದಲ್ಲಿ ಮುಂಗಡ ಪಡೆಯದವನೇ ಪೂರ್ತಿ ಕ್ರೆಡಿಟ್ಟನ್ನು ರಿಟರ್ನಿನಲ್ಲಿ ಕೇಳಬೇಕಾದವನು.

ಸಹಿ ಹಾಕುವ ಮುನ್ನ ನನ್ನ ಹೆಂಡತಿ 1095-ಎ ಹಾಳೆಯನ್ನು ತಿರುವಿ, ‘ಬಿ’ ಕಾಲಂ ಖಾಲಿಯಿದ್ದರೆ ಸಿಲ್ವರ್ ದರವನ್ನು ಬೇರೆಯಾಗಿ ಹುಡುಕಿಕೊಳ್ಳಬೇಕೆಂಬ ಸೂಚನೆಯನ್ನು ತೋರಿಸಿದಳು. ಹೆಲ್ತ್‌ಕೇರ್ ಡಾಟ್ ಗವ್ ತಾಣದಲ್ಲಿ ಅದಕ್ಕೆಂದೇ ಒಂದು ಸಲಕರಣೆಯಿದೆ. ಜಿಪ್ ಕೋಡ್, ಮನೆಮಂದಿಯ ವಯಸ್ಸು ಕೊಟ್ಟರೆ ದರ ಹೇಳುತ್ತದೆ. ನಮಗೆ ಬಂದದ್ದು ತಿಂಗಳಿಗೆ 1,240 ಡಾಲರ್, ಅಂದರೆ ವರ್ಷಕ್ಕೆ 14,880. ಮೂವರ ಕುಟುಂಬಕ್ಕೆ ಆ ವರ್ಷದ ಲೆಕ್ಕಕ್ಕೆ ಹಿಡಿಯುವ ಬಡತನದ ರೇಖೆ 24,860 ಡಾಲರ್. ಕಡಿತಗಳೆಲ್ಲ ಕಳೆದು ನಮ್ಮ ಆದಾಯ ಅದರ ಮೂರು ಪಟ್ಟಿನ ಆಸುಪಾಸಿನಲ್ಲಿ ನಿಂತಿದ್ದರಿಂದ, ಆದಾಯದ ಶೇಕಡಾ 6ರಷ್ಟು, ಸುಮಾರು 4,500 ಡಾಲರ್, ನಮ್ಮ ಪಾಲು. ಉಳಿದ 10,380 ಡಾಲರಿನಷ್ಟು ಕ್ರೆಡಿಟ್. ನಾವು ಕಟ್ಟಿದ್ದ 11,160ಕ್ಕಿಂತ ಅದು ಕಡಿಮೆಯೇ ಇದ್ದುದರಿಂದ ಪೂರ್ತಿಯಾಗಿ ದಕ್ಕಿತು. ಕಟ್ಟಬೇಕಾದ ತೆರಿಗೆಗಿಂತ ಹೆಚ್ಚಾದರೂ ಈ ಕ್ರೆಡಿಟ್ ರೀಫಂಡ್ ಆಗಿ ಕೈಗೆ ಬರುತ್ತದೆ.

ಕಚೇರಿಯ ಯಜಮಾನರು ವಾದಕ್ಕಿಳಿಯದೆ ಎಲ್ಲವನ್ನೂ ನಮ್ಮೆದುರೇ ಮತ್ತೆ ತುಂಬಿಸಿದರು. ಸ್ವಂತ ಉದ್ಯೋಗದವರು ಕ್ರೆಡಿಟ್ ಕಳೆದು ಉಳಿದ ಪ್ರೀಮಿಯಂ ಅನ್ನು ಆದಾಯದಿಂದ ಕಡಿತ ಮಾಡಿಕೊಳ್ಳಬಹುದು. ಹಾಗೆ ಮಾಡಿದರೆ ಆದಾಯ ಇಳಿದು ಕ್ರೆಡಿಟ್ ಏರುತ್ತದೆ, ಕ್ರೆಡಿಟ್ ಏರಿದರೆ ಕಡಿತ ಇಳಿಯುತ್ತದೆ. ಈ ಗಾಣದ ಸುತ್ತನ್ನು ಅವರು ನಿಧಾನವಾಗಿ ವಿವರಿಸಿದ ರೀತಿ ಮಾತ್ರ ನಿಜಕ್ಕೂ ಚೆನ್ನಾಗಿತ್ತು.

ಒಟ್ಟು ಶುಲ್ಕ 280 ಡಾಲರ್, ತಿದ್ದುಪಡಿಗೆ ಹೆಚ್ಚಿಗೆ ಕೇಳಲಿಲ್ಲ. ಆದರೆ ರಸೀದಿಯಲ್ಲಿ ಫಾರಂ 8962ಕ್ಕೆಂದು 45 ಡಾಲರ್ ಪ್ರತ್ಯೇಕವಾಗಿ ಹಾಕಿದ್ದರು. ಆ ಫಾರಂನ ಮುಖ್ಯ ಅಂಕಿಯನ್ನು ಹುಡುಕಿ ಕೊಟ್ಟವರು ನಾವು. ಐದಕ್ಕೆ ಮೂರು ಅಂಕ ಕೊಡುತ್ತೇನೆ, ಅದರಲ್ಲಿ ಒಂದು ಮೈಸೂರಿನ ಬಡ್ಡಿ ಕೇಳಿದ್ದಕ್ಕೆ.