ಶೇಂಗಾ ಗಂಟಿನ ಬ್ಯಾಕ್ಟೀರಿಯಾ ಯಾರ ಪೈಕಿ? ನಾಲ್ಕು ದಾರಿಯಲ್ಲಿ ಕೇಳಿ ನೋಡಿದೆ

ನಮ್ಮ ಕಡೆ ಹೊಸಬರು ಯಾರಾದರೂ ಮನೆಗೆ ಬಂದರೆ, ನೀರು ಕೊಟ್ಟ ಮೇಲೆ ಕೇಳುವ ಮೊದಲ ಪ್ರಶ್ನೆ 'ಯಾರ ಪೈಕಿ?' ಅಂತ. ಎರಡು ವರ್ಷದಿಂದ ಅದೇ ಪ್ರಶ್ನೆಯನ್ನು ನಾನು ಶೇಂಗಾ ಬೇರಿನ ಗಂಟಿನೊಳಗಿರುವ ಬ್ಯಾಕ್ಟೀರಿಯಾಕ್ಕೆ ಕೇಳುತ್ತಿದ್ದೇನೆ. ಒಂದೊಂದು ವಿಧಾನ ಒಂದೊಂದು ಉತ್ತರ ಕೊಡುತ್ತದೆ.

ಗಂಟು ತಂದಿದ್ದು ನಾಯಕನಹಟ್ಟಿ ಹತ್ತಿರದ ದೊಡ್ಡಪ್ಪನ ಹೊಲದಿಂದ. ಕೆಂಪು ಮಸಾರಿ ನೆಲ, ಟಿಎಂವಿ-2 ಶೇಂಗಾ, ಬಿತ್ತಿ ಐವತ್ತು ದಿನವಾಗಿತ್ತು. ಗಿಡ ಕಿತ್ತು ಮಣ್ಣು ಕೊಡವಿದರೆ ಬೇರಿನ ತುಂಬ ಸಾಸಿವೆ ಕಾಳಿನಂಥ ಗಂಟುಗಳು. ಉಗುರಿನಲ್ಲಿ ಸೀಳಿದರೆ ಒಳಗೆ ರಕ್ತದಂಥ ಕೆಂಪು. ಕೆಂಪಿದ್ದರೆ ಗಂಟು ಕೆಲಸದಲ್ಲಿದೆ, ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತಿದೆ ಅಂತ ಲೆಕ್ಕ. ಐಸ್ ಡಬ್ಬಿಯಲ್ಲಿಟ್ಟುಕೊಂಡು ಚಳ್ಳಕೆರೆಯಲ್ಲಿ ದಾವಣಗೆರೆ ಬಸ್ಸು ಹತ್ತಿದೆ. ಕಂಡಕ್ಟರು 'ಕುಲ್ಫಿನಾ?' ಅಂತ ಕೇಳಿದರು.

ಲ್ಯಾಬಿನಲ್ಲಿ ಗಂಟು ತೊಳೆದು, ಅರೆದು, ಅಗರ್ ತಟ್ಟೆ ಮೇಲೆ ಗೀರಿ ಕಾದೆವು. ಶೇಂಗಾ ಗಂಟಿನಲ್ಲಿ ಸಾಮಾನ್ಯವಾಗಿ ಸಿಗೋದು ಬ್ರಾಡಿರೈಜೋಬಿಯಂ. ಗ್ರೀಕಿನಲ್ಲಿ 'ಬ್ರಾಡಿ' ಅಂದರೆ ನಿಧಾನ. ಹೆಸರಿಗೆ ತಕ್ಕ ಹಾಗೆ ತಟ್ಟೆ ಮೇಲೆ ಬಿಳಿ ಚುಕ್ಕಿ ಮೂಡಲು ವಾರ ಹಿಡಿಯಿತು. ಆರು ತಳಿ ಸಿಕ್ಕವು. ಸಿಕೆ-1ರಿಂದ ಸಿಕೆ-6 ಅಂತ ಹೆಸರಿಟ್ಟೆ. ಸಿಕೆ ಅಂದರೆ ಚಳ್ಳಕೆರೆ, ಅಷ್ಟೇ.

ಮೊದಲ ದಾರಿ ಎಲ್ಲರೂ ತುಳಿದದ್ದು, 16ಎಸ್. ಪ್ರೋಟೀನ್ ಕಟ್ಟುವ ರೈಬೋಸೋಮ್ ಇಲ್ಲದೆ ಯಾವ ಬ್ಯಾಕ್ಟೀರಿಯಾವೂ ಬದುಕಲ್ಲ. ಅದರ ಒಂದು ಆರ್‌ಎನ್‌ಎ ತುಂಡಿನ ಜೀನ್ ಇದು, ಸುಮಾರು 1500 ಡಿಎನ್‌ಎ ಅಕ್ಷರ ಉದ್ದ. 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಇದೇ ಆರ್‌ಎನ್‌ಎ ಹೋಲಿಸಿ, ಬ್ಯಾಕ್ಟೀರಿಯಾ ಅಂದುಕೊಂಡಿದ್ದ ಒಂದು ಗುಂಪು ಬೇರೆಯೇ ವಂಶ ಅಂತ ತೋರಿಸಿದ್ದರು. ಒಂದು ತಳಿಗೆ ನಮಗೆ ಸಾವಿರ ರೂಪಾಯಿ ಆಸುಪಾಸು ಬಿತ್ತು, ವಾರದಲ್ಲಿ ಫಲಿತಾಂಶ ಬಂತು. ಆರೂ ಬ್ರಾಡಿರೈಜೋಬಿಯಂ ಅನ್ನೋದು ಖಾತ್ರಿಯಾಯಿತು.

ಅಲ್ಲಿಗೆ ಅದರ ದಮ್ಮು ಮುಗಿಯಿತು. ಸಿಕೆ-3ಕ್ಕೆ ಹತ್ತಿರದವರು ಯಾರು ಅಂತ ನೋಡಿದರೆ ಯುವಾನ್‌ಮಿಂಗೆನ್ಸ್, ಲಿಯಾವೊನಿಂಗೆನ್ಸ್, ಜಪೋನಿಕಂ ಅನ್ನೋ ಮೂರು ಬ್ರಾಡಿರೈಜೋಬಿಯಂ ಪ್ರಭೇದಗಳೂ ಶೇ 99ರ ಮೇಲೆ! ಶೇ 98.65ಕ್ಕಿಂತ ಕೆಳಗಿದ್ದರೆ ಬೇರೆ ಪ್ರಭೇದ ಅನ್ನುವುದು ಈಗಿನ ವಾಡಿಕೆ. ಈ ಗುಂಪಿನಲ್ಲಿ ಬೇರೆ ಬೇರೆ ಅಂತ ಒಪ್ಪಿಕೊಂಡಿರುವ ಪ್ರಭೇದಗಳೇ ಆ ಗೆರೆಯ ಮೇಲೆ ಒತ್ತೊತ್ತಾಗಿ ಕೂತಿವೆ. ಮೂಟೆ ತೂಗುವ ತಕ್ಕಡಿಯಲ್ಲಿ ಮೂಗುತಿ ತೂಗಿದ ಹಾಗೆ. ತಪ್ಪು ತಕ್ಕಡಿಯದಲ್ಲ. 2002ರಲ್ಲಿ ಓದಿದ ಯುಎಸ್‌ಡಿಎ 110 ಅನ್ನೋ ಬ್ರಾಡಿರೈಜೋಬಿಯಂ ತಳಿಯ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎ, 91 ಲಕ್ಷ ಅಕ್ಷರ. ನಾವು ಓದುತ್ತಿರೋದು ಅದರಲ್ಲಿ ಆರು ಸಾವಿರಕ್ಕೆ ಒಂದು ಪಾಲು.

ಎರಡನೆಯ ದಾರಿ, ಮೂರ್ನಾಲ್ಕು ಜೀನ್ ಆರಿಸಿ ಒಟ್ಟಿಗೆ ಹೋಲಿಸೋದು. ಇದಕ್ಕೆ ಜಾಸ್ತಿ ಮಾತು ಬೇಡ. 16ಎಸ್‌ಗಿಂತ ಚೆನ್ನಾಗಿ ಬೇರ್ಪಡಿಸುತ್ತದೆ, ನಿಜ. ಆದರೆ ಎರಡು ತಳಿಗೆ ಪಿಸಿಆರ್ (ಜೀನಿನ ಪ್ರತಿ ತೆಗೆಯುವ ವಿಧಾನ) ಬ್ಯಾಂಡೇ ಬರಲಿಲ್ಲ, ಅಂದರೆ ಜೀನ್ ಕೈಗೆ ಸಿಗಲಿಲ್ಲ. ಮಾಡಿ ಮಾಡಿ ಸುಸ್ತಾಗಿ ಬಿಟ್ಟೆ.

ಆಮೇಲೆ ಇಡೀ ಜೀನೋಮ್. ದುಡ್ಡಿದ್ದದ್ದು ಮೂರು ತಳಿಗೆ: ಸಿಕೆ-1, 3, 5. ಇಲ್ಲಿ ನನ್ನ ಪೆದ್ದುತನ ಒಂದು ಹೇಳಲೇಬೇಕು. ಸಿಕೆ-5ರ ಫ್ಲಾಸ್ಕು ಎರಡನೇ ದಿನಕ್ಕೇ ಕಲಗಚ್ಚಿನ ಹಾಗೆ ಕದಡಿತ್ತು. ವಾರ ಕಾಯೋದು ತಪ್ಪಿತಲ್ಲ ಅಂತ ಖುಷಿಪಟ್ಟು ಡಿಎನ್‌ಎ ತೆಗೆದು ಕಳಿಸಿಬಿಟ್ಟೆ. ನಿಧಾನ ಅಂತಲೇ ಹೆಸರಿರುವ ಜೀವಿ ಎರಡು ದಿನಕ್ಕೆ ಹೇಗೆ ಬೆಳೆಯಿತು ಅಂತ ಒಂದು ಕ್ಷಣವೂ ಯೋಚಿಸಲಿಲ್ಲ.

ಜೋಡಿಸಿದ ಜೀನೋಮ್ 1 ಕೋಟಿ 40 ಲಕ್ಷ ಅಕ್ಷರ ಬಂತು. ಚೆಕ್‌ಎಂ ಅಂತ ಒಂದು ತಂತ್ರಾಂಶವಿದೆ. ಪ್ರತಿ ಬ್ಯಾಕ್ಟೀರಿಯಾದಲ್ಲೂ ಒಂದೊಂದೇ ಇರಬೇಕಾದ ಜೀನ್‌ಗಳು ಎಷ್ಟೆಷ್ಟಿವೆ ಅಂತ ಎಣಿಸುತ್ತದೆ. ನನ್ನದರಲ್ಲಿ ಬಹುಪಾಲು ಎರಡೆರಡು. ಡಿಎನ್‌ಎ ತುಂಡುಗಳಲ್ಲಿ ಜಿ, ಸಿ ಅನ್ನೋ ಅಕ್ಷರಗಳು ಶೇಕಡಾ ಎಷ್ಟು ಅಂತ ಗ್ರಾಫ್ ಹಾಕಿದರೆ ಎರಡು ಗುಡ್ಡ ಎದ್ದವು. ಒಂದು 64ರ ಹತ್ತಿರ, ಇನ್ನೊಂದು 38ರ ಹತ್ತಿರ. ಮೊದಲನೆಯದು ಬ್ರಾಡಿರೈಜೋಬಿಯಂ. ಎರಡನೆಯದು ಪ್ರೀಸ್ಟಿಯಾ ಮೆಗಟೀರಿಯಂ, 2020ರವರೆಗೆ ಬ್ಯಾಸಿಲಸ್ ಮೆಗಟೀರಿಯಂ ಅಂತ ಕರೆಸಿಕೊಳ್ಳುತ್ತಿದ್ದ ಮಣ್ಣಿನ ಜೀವಿ. ಫ್ಲಾಸ್ಕಿಗೆ ಯಾವಾಗ ನುಗ್ಗಿತೋ ಗೊತ್ತಿಲ್ಲ. 'ಒಂದೇ ಮನೇಲಿ ಎರಡು ಸಂಸಾರ ಹೂಡಿದ್ದೀಯ' ಅಂತ ಗೈಡ್ ಮೇಡಂ ನಕ್ಕರು. 'ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ' ಅಂತ ನಮ್ಮ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳು ಹೇಳಿದ್ದು ಕಂಪ್ಯೂಟರಿಗೂ ಸಲ್ಲುತ್ತದೆ. ಆ ದುಡ್ಡು ಹೋದಂತೆಯೇ.

ಉಳಿದ ಎರಡು ಜೀನೋಮನ್ನು ಎರಡು ರೀತಿ ಹೋಲಿಸಿದೆ. ಫಾಸ್ಟ್‌ಎಎನ್‌ಐ ಅನ್ನೋ ತಂತ್ರಾಂಶ ಒಂದು ಜೀನೋಮನ್ನು ತುಂಡು ಮಾಡಿ, ಇನ್ನೊಂದರಲ್ಲಿ ಹೊಂದುವ ಜಾಗ ಹುಡುಕಿ, ಹೋಲಿಕೆಯ ಸರಾಸರಿ ಕೊಡುತ್ತದೆ. ಶೇ 95-96 ದಾಟಿದರೆ ಒಂದೇ ಪ್ರಭೇದ. ನನ್ನ ಹಳೇ ಲ್ಯಾಪ್‌ಟಾಪಿನಲ್ಲೂ ಚಹಾ ಕುಡಿದು ಬರುವಷ್ಟರಲ್ಲಿ ಮುಗಿಯಿತು. ಸಿಕೆ-3 ಯುವಾನ್‌ಮಿಂಗೆನ್ಸ್ ಜೊತೆ 96 ದಾಟಿತು. ಸಿಕೆ-1 ಮಾತ್ರ ಯಾರ ಜೊತೆಗೂ 94 ಮುಟ್ಟಲಿಲ್ಲ. ಹೊಸ ಪ್ರಭೇದ! ಹಾಸ್ಟೆಲ್ಲಿನಲ್ಲಿ ಅವತ್ತು ನಂದೇ ಪಾರ್ಟಿ, ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ.

ಮಾರನೇ ದಿನ ಅದೇ ಫೈಲನ್ನು ಜರ್ಮನಿಯ ಸೂಕ್ಷ್ಮಜೀವಿ ಸಂಗ್ರಹಾಲಯ ಡಿಎಸ್‌ಎಂಜೆಡ್ ನಡೆಸುವ ಟಿವೈಜಿಎಸ್ ಅನ್ನೋ ಜಾಲತಾಣಕ್ಕೆ ಹಾಕಿದೆ. 1987ರಿಂದ ಪ್ರಭೇದಕ್ಕೆ ಗೆರೆಯಾಗಿದ್ದದ್ದು ಎರಡು ಡಿಎನ್‌ಎಗಳನ್ನು ಲ್ಯಾಬಿನಲ್ಲಿ ಬೆಸೆದು ನೋಡಿದಾಗ ಬರುವ ಶೇ 70. ಟಿವೈಜಿಎಸ್ ಅದನ್ನೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತದೆ. ಮುಖ್ಯ ವ್ಯತ್ಯಾಸ ಅದಲ್ಲ. ಫಾಸ್ಟ್‌ಎಎನ್‌ಐಗೆ ಯಾರ ಜೊತೆ ಹೋಲಿಸಬೇಕು ಅಂತ ನಾನೇ ಹೇಳಬೇಕು. ಟಿವೈಜಿಎಸ್ ಹತ್ತಿರದ ಪ್ರಭೇದಗಳ ಮೂಲ ತಳಿಗಳನ್ನು (ಹೆಸರಿಡುವಾಗ ಮಾದರಿ ಅಂತ ಇಟ್ಟವು) ತಾನೇ ಹುಡುಕಿ ತರುತ್ತದೆ. ಸಂಜೆ ಉತ್ತರ ಬಂತು: ಸಿಕೆ-1 ಅಂದರೆ ಬ್ರಾಡಿರೈಜೋಬಿಯಂ ಅರಾಕಿಡಿಸ್, ಶೇ 76. ಚೀನಾದ ಶೇಂಗಾ ಗಂಟಿನಿಂದ ತೆಗೆದು 2013ರಲ್ಲಿ ಹೆಸರಿಟ್ಟ ಪ್ರಭೇದ. ಅರಾಕಿಸ್ ಅಂದರೇ ಶೇಂಗಾ! ಶೇಂಗಾ ಗಂಟಿನ ಮೇಲೆ ಕೆಲಸ ಮಾಡುತ್ತಾ, ಶೇಂಗಾ ಹೆಸರು ಹೊತ್ತ ಪ್ರಭೇದವನ್ನೇ ಡೌನ್‌ಲೋಡ್ ಮಾಡಲು ಮರೆತಿದ್ದೆ. ಮಂಡಕ್ಕಿ ದುಡ್ಡೂ ಹೋಯಿತು.

ಹಾಗಾಗಿ ಪ್ರಭೇದದ ಮಟ್ಟಿಗೆ ನನ್ನ ಓಟು ಟಿವೈಜಿಎಸ್‌ಗೆ. ಆದರೆ ನನಗೆ ಬೇಕಿದ್ದದ್ದು ಮನೆತನ, ಅಂದರೆ ಕುಟುಂಬ, ಪ್ರಭೇದ ಮತ್ತು ಕುಲಕ್ಕಿಂತ ಮೇಲಿನ ಗುಂಪು. ಅಲ್ಲಿ ಫಾಸ್ಟ್‌ಎಎನ್‌ಐ ಕೆಲಸಕ್ಕೆ ಬರಲ್ಲ. ಬ್ರಾಡಿರೈಜೋಬಿಯಂನ ನಂಟರಾದ ನೈಟ್ರೋಬ್ಯಾಕ್ಟರ್, ರೋಡೋಸೂಡೋಮೊನಾಸ್ ಇವರ ಜೊತೆ ಹೋಲಿಸಿದರೆ ಎಲ್ಲ 80ರ ಆಸುಪಾಸು ಇಲ್ಲವೇ ಕೆಳಗೆ, ಇನ್ನೂ ದೂರದವರಿಗೆ ಫಲಿತಾಂಶವೇ ಇಲ್ಲ. 80ರ ಕೆಳಗೆ ಆ ಅಂಕಿಯನ್ನು ನಂಬುವ ಹಾಗಿಲ್ಲ. ದೂರದ ನಂಟು ಡಿಎನ್‌ಎ ಅಕ್ಷರಗಳಲ್ಲಿ ಅಳಿಸಿಹೋಗಿರುತ್ತದೆ, ಪ್ರೋಟೀನಿನಲ್ಲಿ ಇನ್ನೂ ಉಳಿದಿರುತ್ತದೆ.

ನಾಲ್ಕನೆಯ ದಾರಿ ಜಿಟಿಡಿಬಿ, ಅಂದರೆ ಜೀನೋಮ್ ನೋಡಿ ಬ್ಯಾಕ್ಟೀರಿಯಾಗಳನ್ನು ವರ್ಗೀಕರಿಸುವ ಡೇಟಾಬೇಸ್. ಅದು ಹಿಡಿಯೋದು ಆ ಪ್ರೋಟೀನನ್ನೇ. 120 ಜೀನ್‌ಗಳ ಪ್ರೋಟೀನ್ ಸಾಲು ತೆಗೆದು, ದೊಡ್ಡ ವಂಶವೃಕ್ಷದಲ್ಲಿ ನಮ್ಮ ತಳಿಯನ್ನು ಕೂರಿಸುತ್ತದೆ. ಕವಲು ಎಷ್ಟು ಹಳೆಯದು ಅನ್ನೋದನ್ನು ಸರಿದೂಗಿಸಿ, ಎಲ್ಲಾ ಕಡೆ 'ಕುಟುಂಬ' ಅಂದರೆ ಹೆಚ್ಚುಕಡಿಮೆ ಒಂದೇ ಆಳ ಇರುವ ಹಾಗೆ ನೋಡಿಕೊಳ್ಳುತ್ತದೆ. ಈ ಕ್ರಮ ನನಗೆ ತುಂಬಾ ಹಿಡಿಸಿತು. ಕಷ್ಟ ಅಂದರೆ ಅದರ ಡೇಟಾಬೇಸೇ ಹತ್ತಾರು ಜಿಬಿ, ನನ್ನ ಲ್ಯಾಪ್‌ಟಾಪ್ ಕೈಮುಗಿಯಿತು. ಕೆಬೇಸ್ ಅನ್ನೋ ಉಚಿತ ತಾಣದಲ್ಲಿ ಓಡಿಸಿಕೊಂಡೆ.

ಉತ್ತರ: ಜಾಂಥೊಬ್ಯಾಕ್ಟರೇಸಿ. ಅಮೆರಿಕದ ಸರ್ಕಾರಿ ಜೀನ್ ಭಂಡಾರ ಎನ್‌ಸಿಬಿಐನಲ್ಲಿ ನೋಡಿದರೆ ನೈಟ್ರೋಬ್ಯಾಕ್ಟರೇಸಿ. ಮೇಡಂ ಮಾತ್ರ 'ನಾವು ಓದುವಾಗ ಬ್ರಾಡಿರೈಜೋಬಿಯೇಸಿ ಅಂತಲೇ ಇತ್ತು ಕಣಮ್ಮ' ಅಂದರು. ಒಂದೇ ಗಂಟು, ಮೂರು ಮನೆತನ. ಮೇಡಂ ಹೇಳಿದ ಹೆಸರು ಹೋಗಿದ್ದಕ್ಕೆ ಕಾರಣ ನಿಯಮ: ನೈಟ್ರೋಬ್ಯಾಕ್ಟರ್ ಅದೇ ಮನೆಯಲ್ಲಿದ್ದರೆ ಹಳೆಯ ಹೆಸರಿಗೇ ಹಕ್ಕು, ನೈಟ್ರೋಬ್ಯಾಕ್ಟರೇಸಿ 1917ರದ್ದು. ಜಿಟಿಡಿಬಿಯದು ಹೆಸರಿನ ತಕರಾರಷ್ಟೇ ಅಲ್ಲ, ಅದು ಮನೆಯ ಗೋಡೆಯನ್ನೇ ಆಚೆಗೆ ಸರಿಸಿದೆ. ಇದು ಇವರೊಬ್ಬರ ಕಥೆಯಲ್ಲ. ದೋಸೆ ಹಿಟ್ಟು ಹುಳಿಸುವ ಲ್ಯೂಕೊನೋಸ್ಟಾಕ್‌ನ ಕುಟುಂಬವನ್ನು 2020ರಲ್ಲಿ ಲ್ಯಾಕ್ಟೊಬ್ಯಾಸಿಲೇಸಿಯೊಳಗೆ ಸೇರಿಸಿದರು. ಕರುಳಿನ ಇ. ಕೋಲಿ ಇರುವ ಕುಟುಂಬ ಎಂಟೆರೋಬ್ಯಾಕ್ಟೀರಿಯೇಸಿಯನ್ನು 2016ರಲ್ಲಿ ಏಳು ಮನೆ ಮಾಡಿ ಪಾಲು ಹಂಚಿದರು.

ಈಗ ನಾನು ಮಾಡೋದು ಹೀಗೆ. ಎಲ್ಲ ತಳಿಗೂ ಮೊದಲು 16ಎಸ್. ಜೀನೋಮಿಗೆ ಕಳಿಸುವ ದಿನ ಅದೇ ಫ್ಲಾಸ್ಕಿನಿಂದ ಇನ್ನೊಮ್ಮೆ ತಟ್ಟೆಗೆ ಗೀರಿ, ವಾರ ಕಾದು ನೋಡುತ್ತೇನೆ. ವಂಶವೃಕ್ಷದ ಚಿತ್ರಕ್ಕೆ ಜಿಟಿಡಿಬಿ. ಪ್ರಬಂಧದಲ್ಲಿ ಬರೆಯೋದು ನೈಟ್ರೋಬ್ಯಾಕ್ಟರೇಸಿ, ಜಿಟಿಡಿಬಿ ಹೆಸರನ್ನು ಅದರ ಆವೃತ್ತಿ ಸಮೇತ ಪಕ್ಕದಲ್ಲೇ ಹಾಕುತ್ತೇನೆ.

ಹೋದ ತಿಂಗಳು ಊರಿಗೆ ಹೋದಾಗ ದೊಡ್ಡಪ್ಪನಿಗೆ ಇದೆಲ್ಲ ಹೇಳಿದೆ. ಎಲೆಅಡಿಕೆ ಹಾಕಿಕೊಳ್ಳುತ್ತಾ ಪೂರ್ತಿ ಕೇಳಿದರು. 'ಅದಿರ್ಲಿ ಮಗಾ, ಇದನ್ನ ಬೀಜಕ್ಕೆ ಹಚ್ಚಿದ್ರೆ ಗೊಬ್ಬರ ಕಮ್ಮಿ ಆಗ್ತದಾ?' ಅಂದರು. ಗಂಟು ಕಟ್ಟುವ, ಸಾರಜನಕ ಹಿಡಿಯುವ ಜೀನ್‌ಗಳು ಜೀನೋಮಿನಲ್ಲಿ ಒಂದು ಕಡೆ ಗುಂಪಾಗಿ ಕೂತಿರುತ್ತವೆ, ಒಂದು ತಳಿಯಿಂದ ಇನ್ನೊಂದಕ್ಕೆ ಜಿಗಿದೂ ಬಿಡುತ್ತವೆ. ಮನೆತನ ನೋಡಿ ದುಡಿಮೆ ಹೇಳೋಕಾಗಲ್ಲ. ಈಗ ವಿಭಾಗದ ಮಹಡಿ ಮೇಲೆ ಹದಿನೆಂಟು ಕುಂಡ ಇಟ್ಟಿದ್ದೇನೆ. ಆರರಲ್ಲಿ ಸಿಕೆ-1, ಆರರಲ್ಲಿ ಸಿಕೆ-3, ಆರರಲ್ಲಿ ಏನೂ ಇಲ್ಲ. ದಿನಾ ಸಂಜೆ ಹೋಗಿ ನೀರು ಹಾಕುತ್ತೇನೆ.