ಮುನ್ನೂರು ಕಂತು ಓದಿದ ಮೇಲೆ: ತೋಳಮಾನವರ ಪ್ರೇಮ ಧಾರಾವಾಹಿ

ಮನುಷ್ಯ ತೋಳವಾಗಿ, ತೋಳ ಮತ್ತೆ ಮನುಷ್ಯನಾಗುವ ಈ ಪ್ರೇಮ ಧಾರಾವಾಹಿಯನ್ನು ಹದಿನಾಲ್ಕು ತಿಂಗಳಿಂದ ಮೊಬೈಲ್ ಆ್ಯಪ್‌ನಲ್ಲಿ ಓದುತ್ತಿದ್ದೇನೆ. ಮುನ್ನೂರು ಕಂತು ದಾಟಿದೆ. ಗಂಗಾವತಿಯ ನಮ್ಮ ಅಂಗಡಿಯ ಲೆಕ್ಕ ಮುಗಿಸಿ ಮನೆಗೆ ಬಂದ ಮೇಲೆ ಒಂದು ಕಂತನ್ನಾದರೂ ಓದದೆ ಮಲಗಿದ ರಾತ್ರಿಗಳು ಕಡಿಮೆ.

ಇದರ ದೊಡ್ಡ ಶಕ್ತಿ ರೂಪಾಂತರದ ವರ್ಣನೆ. ಆರಂಭದ ಒಂದು ಕಂತಿನಲ್ಲಿ ನಾಯಕ ನಸುಕಿನಲ್ಲಿ ಮನುಷ್ಯರೂಪಕ್ಕೆ ಮರಳಿ ಅಡುಗೆಮನೆಗೆ ಬರುತ್ತಾನೆ. ಬೆರಳುಗಳಿಗೆ ಇನ್ನೂ ಹಿಡಿತ ಬಂದಿಲ್ಲವಾದ್ದರಿಂದ ನೀರಿನ ಲೋಟ ಎರಡು ಸಲ ಕೈಜಾರುತ್ತದೆ. ನಾಯಕಿ ಏನನ್ನೂ ಕೇಳದೆ ಲೋಟವನ್ನೆತ್ತಿ ಅವನ ತುಟಿಗೆ ಹಿಡಿಯುತ್ತಾಳೆ. ಮುಂದೆ ಬರುವ ಎಷ್ಟೋ ಪ್ರೇಮನಿವೇದನೆಗಳು ಈ ಒಂದು ಗುಟುಕು ನೀರಿಗೆ ಸಮನಾಗಲಿಲ್ಲ.

ರೂಪ ಬದಲಿಸುವವರ ಕಥೆ ನಮ್ಮ ಕಡೆಗೆ ಹೊಸದಲ್ಲ. ಇಲ್ಲೇ ಹತ್ತಿರದ ಆನೆಗೊಂದಿಯ ಸೀಮೆಯನ್ನು ಜನ ಕಿಷ್ಕಿಂಧೆಯೆಂದು ನಂಬುತ್ತಾರೆ. ವಾಲ್ಮೀಕಿಯ ವಾನರರು ಕಾಮರೂಪಿಗಳು, ಹನುಮಂತ ರಾಮನೆದುರು ಮೊದಲು ಬಂದದ್ದೇ ಭಿಕ್ಷುವಿನ ರೂಪದಲ್ಲಿ. ಅಲ್ಲಿ ರೂಪ ಇಚ್ಛೆಗೆ ಅಧೀನ. ಈ ಧಾರಾವಾಹಿಯಲ್ಲಿಯಾದರೋ ಹುಣ್ಣಿಮೆ ಬಂತೆಂದರೆ ದೇಹ ಮಾತು ಕೇಳುವುದಿಲ್ಲ, ಮತ್ತು ಆ ಅಸಹಾಯಕತೆಯೇ ಕಥೆಗೆ ಬಿಗಿ ತಂದಿದೆ. ಆದರೆ ಅದೇ ನಿಯಮವನ್ನು ಪ್ರೀತಿಗೂ ಅನ್ವಯಿಸಿದ್ದು ನನ್ನ ಮುಖ್ಯ ತಕರಾರು. ವಾಸನೆಯಿಂದಲೇ ವಿಧಿ ಬರೆದ ಸಂಗಾತಿ ಯಾರೆಂದು ನಾಯಕ ಗುರುತಿಸಿಬಿಟ್ಟರೆ, ನಾಯಕಿ ಬೇಡವೆಂದು ಹೇಳಿದ ಮಾತಿಗೆ ಬೆಲೆಯೇ ಉಳಿಯುವುದಿಲ್ಲ. ಎಂಬತ್ತನೆಯ ಕಂತಿನ ನಂತರ ಅವಳ ಸಿಟ್ಟನ್ನೆಲ್ಲ ಮರೆಮಾಚಿದ ಒಲವೆಂದೇ ಬರೆಯಲಾಗಿದೆ.

ಅವನ ದರ್ಪಕ್ಕೆ ಕೊಡುವ ಸಮರ್ಥನೆ, ಅವನು ಹಿಂಡಿನ 'ಆಲ್ಫಾ', ಅಂದರೆ ಕಾದಾಡಿ ಗೆದ್ದು ಉಳಿದವರ ಮೇಲೆ ಅಧಿಕಾರ ನಡೆಸುವ ಮುಖ್ಯ ತೋಳ, ಎಂಬುದು. 1970ರ ತಮ್ಮ ಪುಸ್ತಕದ ಮೂಲಕ ಈ ಕಲ್ಪನೆಯನ್ನು ಜನಪ್ರಿಯಗೊಳಿಸಿದ ತೋಳತಜ್ಞ ಡೇವಿಡ್ ಮೆಕ್ ಅವರೇ 1999ರಲ್ಲಿ ಅದನ್ನು ತಿದ್ದಿ, ಕಾಡಿನ ಹಿಂಡೆಂದರೆ ಸಾಮಾನ್ಯವಾಗಿ ತಂದೆತಾಯಿ ಮತ್ತು ಮರಿಗಳ ಸಂಸಾರವೆಂದು ಬರೆದರು. ನಮ್ಮ ತಾಲ್ಲೂಕಿನ ಬಂಕಾಪುರದ ಕುರುಚಲು ಕಾಡಿನಲ್ಲಿಯೂ ತೋಳಗಳಿವೆ. ಕುರಿ ಸಾಕುವ ನಮ್ಮ ಸೋದರಮಾವನಿಗೆ ಅವುಗಳ ಮೇಲೆ ಕೋಪವಿದ್ದರೂ, ಮರಿಗಳಿಗಾಗಿ ಅವು ಪಡುವ ಪಾಡನ್ನು ಹೇಳುವಾಗ ದನಿ ಮೆತ್ತಗಾಗುತ್ತದೆ. ಗದ್ದುಗೆಯ ಕಾಳಗದ ಬದಲು ಈ ಸಂಸಾರವನ್ನು ತೋರಿಸಿದ್ದರೆ ನಾಯಕ ಎಷ್ಟೋ ದೊಡ್ಡವನಾಗುತ್ತಿದ್ದ.

ನೂರೈವತ್ತರಿಂದಾಚೆಗೆ ಎಳೆದಾಟ ಹೆಚ್ಚು. ಹಣ ಕೊಟ್ಟು ಕೊಂಡ ಆ್ಯಪ್‌ನ ನಾಣ್ಯಗಳಿಂದ ಕಂತು ತೆರೆದರೆ, ಅದರ ಮೊದಲ ಕಾಲುಭಾಗ ಹಿಂದಿನ ಕಂತಿನ ಪುನರಾವರ್ತನೆಯಾಗಿರುತ್ತದೆ. ಇದು ಓದುಗರಿಗೆ ಮಾಡುವ ಅನ್ಯಾಯ. ಹೊಸಬರು ಉಚಿತ ಕಂತುಗಳನ್ನು ತಪ್ಪದೆ ಓದಲಿ. ಹಣ ಕೊಡುವುದಾದರೆ ನೂರಿಪ್ಪತ್ತರವರೆಗೆ ಕೊಡಲಿ, ಆಮೇಲೆ ನಾಯಕಿ ತವರಿಗೆ ಹಿಂದಿರುಗಿ, ತನ್ನನ್ನು ಕಾಣಬೇಕಾದರೆ ಮನುಷ್ಯನಾಗಿ ಬಂದು ಕೇಳು ಎಂದು ಅವನಿಗೆ ಹೇಳಿಕಳುಹಿಸುವ ಇನ್ನೂರ ತೊಂಬತ್ತನೆಯ ಕಂತಿಗೆ ನೇರವಾಗಿ ಹೋಗಲಿ.