ಒಂದೇ ಅಂಗಳದ ಎರಡು ಹಳೆಯ ಕಾರುಗಳು: ಪೆಟ್ರೋಲೋ, ಡೀಸೆಲೋ?

ನಮ್ಮ ಮನೆಯ ಅಂಗಳಕ್ಕೆ ಹಾಸಿರುವ ಶಹಾಬಾದ್ ಕಲ್ಲಿನ ಮೇಲೆ ಎರಡು ಕಲೆಗಳಿದ್ದವು. ತುಳಸಿಕಟ್ಟೆಯ ಪಕ್ಕದ್ದು ಹಸಿರು, ಗೇಟಿನ ಬಳಿಯದು ಕಪ್ಪು. ಹಸಿರು ನನ್ನ 2011ರ ಪೆಟ್ರೋಲ್ ಸೆಡಾನ್ ಸೋರಿಸಿದ ಕೂಲಂಟ್, ಅಂದರೆ ಎಂಜಿನ್ ತಂಪಾಗಿಡುವ ದ್ರವ. ಕಪ್ಪು ತಮ್ಮನ 2012ರ ಡೀಸೆಲ್ ಸೆಡಾನ್ ತೊಟ್ಟಿಕ್ಕಿಸಿದ ಎಂಜಿನ್ ಆಯಿಲ್. ಎರಡೂ ಸೆಕೆಂಡ್ ಹ್ಯಾಂಡ್. ಕೊಂಡು ಮೂರು ವರ್ಷವಾಯಿತು, ಯಾವುದು ವಾಸಿ ಎಂಬ ನಮ್ಮಿಬ್ಬರ ಜಗಳಕ್ಕೂ ಅಷ್ಟೇ ವಯಸ್ಸು. ಕಂಪನಿಗಳ ಹೆಸರು ಹೇಳುವುದಿಲ್ಲ. ಇಷ್ಟು ವರ್ಷ ಓಡಿದ ಗಾಡಿ ಮಾಡಿದವರಿಗಿಂತ ಇಟ್ಟುಕೊಂಡವರ ಮಾತನ್ನೇ ಹೆಚ್ಚು ಕೇಳುತ್ತದೆ.

ನನ್ನ ಓಡಾಟವೆಲ್ಲ ಕಲಬುರಗಿಯ ಒಳಗೇ. ಮನೆಯಿಂದ ಕಾಲೇಜು, ಅಲ್ಲಿಂದ ಸೂಪರ್ ಮಾರ್ಕೆಟ್, ದಿನಕ್ಕೆ ಎಂಟು ಕಿ.ಮೀ. ಆದರೆ ಹೆಚ್ಚು. ತಮ್ಮನದು ತೊಗರಿ ವ್ಯಾಪಾರ. ಸಿಮೆಂಟ್ ಲಾರಿಗಳ ಹಿಂದೆ ಹಿಂದೆ ಮಳಖೇಡ ದಾಟಿ ಸೇಡಂಗೆ ಹೋಗಿಬರುವುದೆಂದರೆ ಸುಮಾರು ನೂರು ಕಿ.ಮೀ. ಕಳೆದ ವರ್ಷ ಅವನ ಎಡ ಮೊಣಕಾಲು ಹಿಡಿದುಕೊಂಡಿತು. ಡೀಸೆಲ್ ಗಾಡಿಯ ಕ್ಲಚ್ ಸವೆದು ಕಲ್ಲಿನಂತಾಗಿತ್ತು. "ಅಣ್ಣಾ, ಆರು ತಿಂಗಳು ನಿನ್ನ ಗಾಡಿ ಕೊಡು" ಎಂದ. ಕೊಟ್ಟೆ. ಅದಲುಬದಲಿನ ಆ ಆರು ತಿಂಗಳಲ್ಲಿ ಎರಡೂ ಗಾಡಿಗಳ ನಿಜಗುಣ ಹೊರಬಿತ್ತು.

ಮೊದಲ ಕೆಲಸವಾಗಿ ಡೀಸೆಲ್ ಗಾಡಿಯ ಕ್ಲಚ್ ಸೆಟ್ ಬದಲಿಸಿದೆವು, ಹದಿನಾಲ್ಕು ಸಾವಿರ ರೂಪಾಯಿ. ಆಮೇಲೆ ಓಡಿಸುವುದು ಖುಷಿಯೇ ಆಗಿತ್ತು; ಎರಡನೇ ಗೇರಿನಲ್ಲಿ ಆ ಎಳೆತ ನನ್ನ ಪೆಟ್ರೋಲ್ ಗಾಡಿಗೆ ಕನಸಿನಲ್ಲೂ ಇಲ್ಲ. ಆದರೆ ನಾಲ್ಕನೇ ತಿಂಗಳಿಗೆ ಹೊಗೆ ಶುರುವಾಯಿತು. ಸಿಗ್ನಲ್ ಬಿಟ್ಟೊಡನೆ ಹಿಂದಿನ ಬೈಕಿನವರು ಮುಖ ಮುಚ್ಚಿಕೊಳ್ಳುವಷ್ಟು ಕಪ್ಪು. ನಮ್ಮ ಮೆಕ್ಯಾನಿಕ್ ಉಸ್ತಾದರು ಇಜಿಆರ್ ವಾಲ್ವ್ ಬಿಚ್ಚಿ ನನ್ನ ಅಂಗೈಗೆ ಇಟ್ಟರು. ಹೆಬ್ಬೆಟ್ಟು ಹೋಗಬೇಕಾದ ದಾರಿಯಲ್ಲಿ ಪೆನ್ಸಿಲ್ ಹೋಗುವಷ್ಟು ಮಾತ್ರ ಜಾಗ ಉಳಿದಿತ್ತು, ಉಳಿದದ್ದೆಲ್ಲ ಎಣ್ಣೆ ಬೆರೆತ ಮಸಿ. ಎಂಜಿನ್ ಉಗುಳಿದ ಹೊಗೆಯಲ್ಲಿ ಒಂದು ಪಾಲನ್ನು ಮತ್ತೆ ಒಳಗೆ ಕಳುಹಿಸುವುದು ಆ ವಾಲ್ವಿನ ಕೆಲಸ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ದಿನಾ ಆಫ್ ಮಾಡುತ್ತಿದ್ದರೆ ಮಸಿ ಅಲ್ಲೇ ಕೂರುತ್ತದೆ. "ಸರ್, ಇದಕ್ಕೆ ರೋಗವಿಲ್ಲ, ನೀವು ಇದನ್ನು ಓಡಿಸುತ್ತಲೇ ಇಲ್ಲ" ಎಂದರು ಉಸ್ತಾದರು. ತಮ್ಮನ ಕೈಯಲ್ಲಿ ಎರಡು ವರ್ಷ ಬಾಯಿಬಿಡದ ಕಾಯಿಲೆ ನನ್ನ ಎಂಟು ಕಿ.ಮೀ.ಗೆ ಎದ್ದು ಕುಳಿತಿತ್ತು.

ತೊಳೆದು ಹಾಕಿದರೂ ಆಕ್ಸಿಲರೇಟರ್ ಬಿಟ್ಟಾಗ ಗಾಡಿ ನಡುಗುತ್ತಿತ್ತು. ಆಗ ಒಂದು ಪರೀಕ್ಷೆ ನೋಡಿದೆ. ಹಳೆಯ ಡೀಸೆಲ್ ಕಾರು ಕೊಳ್ಳುವವರು ಹಣ ಕೊಡುವ ಮೊದಲು ಇದನ್ನು ಮಾಡಿಸಲೇಬೇಕು. ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಲ್ಕು ಇಂಜೆಕ್ಟರ್‌ಗಳ ರಿಟರ್ನ್ ಪೈಪು ಕಳಚಿ, ನಾಲ್ಕು ಪಾರದರ್ಶಕ ಸಣ್ಣ ಬಾಟಲಿಗಳಿಗೆ ಇಳಿಬಿಟ್ಟು ಎಂಜಿನ್ ಚಾಲೂ ಮಾಡುತ್ತಾರೆ. ಇಂಜೆಕ್ಟರ್ ಚೆನ್ನಾಗಿದ್ದರೆ ಹಿಂದಕ್ಕೆ ಬಿಡುವ ಡೀಸೆಲ್ ಸ್ವಲ್ಪವೇ, ನಾಲ್ಕರಲ್ಲೂ ಹೆಚ್ಚುಕಡಿಮೆ ಸಮ. ನಮ್ಮದರಲ್ಲಿ ಉಳಿದ ಮೂರು ಬಾಟಲಿಗಳ ತಳ ಮುಚ್ಚುವಷ್ಟರಲ್ಲಿ ಮೂರನೆಯ ಸಿಲಿಂಡರಿನ ಬಾಟಲಿ ಅರ್ಧ ತುಂಬಿತ್ತು. ರಿಪೇರಿ ಮಾಡಿದ ಇಂಜೆಕ್ಟರ್ ಒಂದಕ್ಕೇ ಒಂಬತ್ತು ಸಾವಿರ. ನಾಲ್ಕೂ ಹೋಗಿದ್ದರೆ ಲೆಕ್ಕ ನೀವೇ ಹಾಕಿಕೊಳ್ಳಿ.

ಇನ್ನು ನನ್ನ ಪೆಟ್ರೋಲ್ ಗಾಡಿ. ಅದರ ಶತ್ರು ನಮ್ಮ ಊರಿನ ಬಿಸಿಲು ಮತ್ತು ನಮ್ಮ ಊರಿನ ನೀರು. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುವುದು ದೊಡ್ಡ ಸುದ್ದಿಯಲ್ಲ. ಹಿಂದಿನ ಮಾಲೀಕರು ಕೂಲಂಟ್ ದುಬಾರಿಯೆಂದು ರೇಡಿಯೇಟರಿಗೆ ಬೋರ್‌ವೆಲ್ ನೀರು ತುಂಬಿಸುತ್ತಾ ಬಂದಿದ್ದರು. ಸುಣ್ಣದ ಕಲ್ಲಿನ ಸೀಮೆ ಇದು. ಮನೆಯಲ್ಲಿ ನೀರು ಕಾಯಿಸುವ ಹಂಡೆಯ ತಳದಲ್ಲಿ ಕೂರುವ ಬಿಳಿಯ ಪದರವೇ ರೇಡಿಯೇಟರಿನ ಸಣ್ಣ ನಳಿಕೆಗಳಲ್ಲೂ ಕೂತಿತ್ತು. ಕೊಂಡ ಮೊದಲ ಬೇಸಿಗೆಯಲ್ಲೇ, ಎಸಿ ಹಾಕಿಕೊಂಡು ರೈಲ್ವೆ ಗೇಟಿನಲ್ಲಿ ಹತ್ತು ನಿಮಿಷ ನಿಂತಾಗ, ಟೆಂಪರೇಚರ್ ಮುಳ್ಳು ಮೇಲೇರಿತು. ಅದೃಷ್ಟಕ್ಕೆ ಕೂಡಲೇ ಆಫ್ ಮಾಡಿದೆ. ಇನ್ನೆರಡು ಕಿ.ಮೀ. ಎಳೆದಿದ್ದರೆ ಎಂಜಿನ್ನಿನೊಳಗೆ ನೀರು, ಆಯಿಲ್ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಸುಡುತ್ತಿತ್ತು.

ಆಗ ಹೋದ ಮೊದಲ ಗ್ಯಾರೇಜಿನವರು, ಎಂಜಿನ್ ಬೆಚ್ಚಗಾಗುವವರೆಗೆ ರೇಡಿಯೇಟರಿನ ದಾರಿ ಮುಚ್ಚಿಡುವ ಥರ್ಮೋಸ್ಟಾಟ್ ತೆಗೆದು ಎಸೆದರು, "ಇನ್ನು ಬಿಸಿಯಾಗುವ ಮಾತೇ ಇಲ್ಲ" ಎಂದರು. ನಿಜ, ಬಿಸಿಯಾಗಲಿಲ್ಲ. ಚಳಿಗಾಲದಲ್ಲಿ ಎಂಜಿನ್ ಬೆಚ್ಚಗೂ ಆಗಲಿಲ್ಲ, ತಣ್ಣಗಿದೆಯೆಂದು ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿದು ಮೈಲೇಜ್ ಇಳಿಯಿತು. ನಮ್ಮ ಉಸ್ತಾದರು ಹೊಸ ಥರ್ಮೋಸ್ಟಾಟ್, ಹೊಸ ರೇಡಿಯೇಟರ್, ಗಟ್ಟಿಯಾಗಿ ಬಿರುಕು ಬಿಟ್ಟಿದ್ದ ಎರಡು ಹೋಸ್ ಪೈಪು ಎಲ್ಲ ಸೇರಿ ಹತ್ತು ಸಾವಿರದ ಒಳಗೆ ಮುಗಿಸಿದರು. ಅಂಗಳದ ಹಸಿರು ಕಲೆ ಆ ಹಳೆಯ ಪೈಪಿನದು. ಹಳೆಯ ಪೆಟ್ರೋಲ್ ಗಾಡಿ ನೋಡಲು ಹೋದಾಗ ನಾನು ಮಾಡುವ ಮೊದಲ ಕೆಲಸವೆಂದರೆ ಎಂಜಿನ್ ತಣ್ಣಗಿರುವಾಗ ಆಯಿಲ್ ಮುಚ್ಚಳ ತೆಗೆದು ಒಳಬದಿ ನೋಡುವುದು. ಹಾಲು ಕಾಫಿಯ ಕೆನೆಯಂಥದ್ದು ಅಂಟಿಕೊಂಡಿದ್ದರೆ ಆಯಿಲಿಗೆ ನೀರು ಬೆರೆಯುತ್ತಿರುವ ಅನುಮಾನ ಬರಬೇಕು. ಅಲ್ಲಿ ಚಹಾ ಕೊಟ್ಟರೂ ಕುಡಿಯದೆ ಎದ್ದು ಬರುವುದು ಒಳ್ಳೆಯದು.

ಇದೇ ಗಾಡಿ ತಮ್ಮನ ಕೈಯಲ್ಲಿ ಸೇಡಂ ರಸ್ತೆಗೆ ಬಿದ್ದಾಗ ಒಂದು ದೂರೂ ಇಲ್ಲದೆ ಓಡಿತು. ಫ್ಯೂಯೆಲ್ ಪಂಪ್ ಒಂದು ಹೋಯಿತು, ಅದು ತಮ್ಮನ ತಪ್ಪು. ಪಂಪ್ ಇರುವುದು ಟ್ಯಾಂಕಿನೊಳಗೆ, ಅದನ್ನು ತಂಪಾಗಿಡುವುದು ಪೆಟ್ರೋಲೇ. ಅವನು ಸದಾ ರಿಸರ್ವ್‌ನಲ್ಲೇ ಓಡಿಸುವವನು. ಜೊತೆಗೆ ಡಿಕ್ಕಿಯಲ್ಲಿ ಅವನ ತೊಗರಿ ಮಾದರಿ ಚೀಲಗಳ ವಾಸನೆಗೆ ಇಲಿ ಬಂದು ವೈರ್ ಕಡಿದಿತ್ತು. ಇದನ್ನು ಯಾವ ಇಂಧನದ ಖಾತೆಗೆ ಬರೆಯಬೇಕೋ ತಿಳಿಯದು.

ಈಗ ಹಣದ ಮಾತು. ನಮ್ಮಲ್ಲಿ ಪೆಟ್ರೋಲ್ ಲೀಟರಿಗೆ 103 ರೂ. ಆಸುಪಾಸು, ಡೀಸೆಲ್ 91ರ ಆಸುಪಾಸು ಎಂದು ಹಿಡಿಯೋಣ. ಊರೊಳಗೆ ನನ್ನ ಗಾಡಿ ಲೀಟರಿಗೆ 12 ಕಿ.ಮೀ. ಕೊಡುತ್ತದೆ, ಡೀಸೆಲ್ 15. ವರ್ಷಕ್ಕೆ ನನ್ನ 2,400 ಕಿ.ಮೀ.ಗೆ ಡೀಸೆಲ್ ಉಳಿಸುವುದು ಆರು ಸಾವಿರ. ಒಂದು ಇಂಜೆಕ್ಟರಿಗೂ ಸಾಲದು. ಹೆದ್ದಾರಿಯಲ್ಲಿ 16 ಮತ್ತು 20. ತಮ್ಮನ ವರ್ಷದ 30,000 ಕಿ.ಮೀ.ಗೆ ಉಳಿತಾಯ ಐವತ್ತೇಳು ಸಾವಿರದಷ್ಟು. ಕ್ಲಚ್, ಇಂಜೆಕ್ಟರ್, ಮುಂದಿನ ಎಂಜಿನ್ ಭಾರಕ್ಕೆ ಬೇಗ ಸವೆಯುವ ಮುಂಚಕ್ರದ ರಬ್ಬರ್ ಬುಷ್, ಎಲ್ಲ ಕಳೆದರೂ ಅವನ ಕೈಯಲ್ಲಿ ಕಾಸು ಉಳಿಯುತ್ತದೆ.

ವಿಮೆಯಲ್ಲಿ ವ್ಯತ್ಯಾಸವಿಲ್ಲ. ಎರಡೂ 1,000ದಿಂದ 1,500 ಸಿ.ಸಿ.ಯೊಳಗೆ ಬರುವುದರಿಂದ ಥರ್ಡ್ ಪಾರ್ಟಿ ಕಂತು ಒಂದೇ; 2022ರ ದರದಲ್ಲಿ 3,416 ರೂ. ಮತ್ತು ಜಿಎಸ್‌ಟಿ. ಟೈರ್ ಖರ್ಚೂ ಸಮ. ರಸ್ತೆ ಹಿಡಿಯುವ ಟೈರ್ ಗುಂಡಿಗಳನ್ನಷ್ಟೇ ನೋಡಬೇಡಿ, ಬದಿಯಲ್ಲಿರುವ ನಾಲ್ಕು ಅಂಕಿ ಓದಿ. ತಮ್ಮನ ಗಾಡಿಯಲ್ಲಿ 2316 ಎಂದಿತ್ತು, ಅಂದರೆ 2016ರ 23ನೇ ವಾರದ್ದು. ಗುಂಡಿ ಚೆನ್ನಾಗಿತ್ತು, ರಬ್ಬರ್ ಸತ್ತಿತ್ತು.

ಕಾಗದಪತ್ರದಲ್ಲಿ ಸೋತವನು ತಮ್ಮ. ಹೈದರಾಬಾದಿನಲ್ಲಿ ನಲವತ್ತು ಸಾವಿರ ಅಗ್ಗವೆಂದು 'ಎಪಿ' ಸಂಖ್ಯೆಯ ಗಾಡಿ ತಂದ. ಅಲ್ಲಿಂದ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ತರಲು ಎರಡು ಸಲ ಓಡಾಟ, ಇಲ್ಲಿ ಕೆಎ-32 ಸಂಖ್ಯೆ ಪಡೆಯಲು ಮತ್ತೆ ಜೀವಿತಾವಧಿ ತೆರಿಗೆ. ಅಗ್ಗವಾದದ್ದರಲ್ಲಿ ಹೆಚ್ಚೇನೂ ಉಳಿಯಲಿಲ್ಲ. ಹತ್ತು ವರ್ಷವಾದ ಡೀಸೆಲ್ ಗಾಡಿ ಹಿಡಿಯುತ್ತಾರೆ ಎಂದು ಹೆದರಿಸುವವರೂ ಇದ್ದಾರೆ. ಆ ಗದ್ದಲ ದೆಹಲಿ ಸೀಮೆಯದು. ನಮ್ಮಲ್ಲಿ ಎರಡಕ್ಕೂ ನೋಂದಣಿ ಹದಿನೈದು ವರ್ಷ, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಣ. ಕಾರಿನ ನವೀಕರಣ ಶುಲ್ಕವನ್ನು ಕೇಂದ್ರ 2022ರ ಏಪ್ರಿಲ್‌ನಿಂದ 600ರಿಂದ 5,000 ರೂ.ಗೆ ಏರಿಸಿದೆ. ಕೊಳ್ಳುವ ಬೆಲೆಯಲ್ಲಿ ಇದನ್ನು ಕಳೆದೇ ಚೌಕಾಸಿ ಮಾಡಿ.

ಆರು ತಿಂಗಳಾದ ಮೇಲೆ ಕೀಲಿಗಳು ಮತ್ತೆ ಅವರವರ ಕೈ ಸೇರಿದವು. ತಮ್ಮ ಎರಡು ದಿನ ಸೇಡಂಗೆ ಹೋಗಿಬರುವಷ್ಟರಲ್ಲಿ ಡೀಸೆಲ್ ಗಾಡಿಯ ಹೊಗೆ ಇಳಿಯಿತು. ಅಂಗಳ ಮಾತ್ರ ಅವ್ವನದು. ಶ್ರಾವಣಕ್ಕೆ ಮೊದಲು ಸೋಡಾ ಹಾಕಿ ತಿಕ್ಕಿದಾಗ ಹಸಿರು ಕಲೆ ಹೋಯಿತು, ಗೇಟಿನ ಬಳಿಯದು ಹೋಗಲಿಲ್ಲ. ಈಗ ತಮ್ಮ ರಾತ್ರಿ ಗಾಡಿ ನಿಲ್ಲಿಸಿದ ಮೇಲೆ ಕೆಳಗೊಂದು ರಟ್ಟು ಹಾಕುತ್ತಾನೆ. ಬೆಳಿಗ್ಗೆ ಅವ್ವ ಅದನ್ನು ಕಾಲಿನಿಂದ ಸರಿಸಿ ರಂಗೋಲಿ ಹಾಕುತ್ತಾಳೆ.